ಉಳಿ ಹಿಡಿದ ಕೈ

ನನ್ನ ನೋಟ್‌ಬುಕ್ಕಿನಲ್ಲಿ ಒಬ್ಬ ರೋಗಿಯ ಫಿಟ್ಸ್ ಬಗ್ಗೆ ಹೀಗೆ ಬರೆದಿದೆ: ‘ಬಲಗೈ ಸೆಟೆಯುತ್ತದೆ. ಎಡಗೈ ಬಡಿಯುತ್ತಲೇ ಇರುತ್ತದೆ. ತುಟಿ ಚಪ್ಪರಿಸುತ್ತಾರೆ. ಒಂದೂವರೆ ನಿಮಿಷ. ನಡುವೆ ಮಾತಾಡಿಸಿದರೆ "ಹೂಂ, ಬಂದೆ" ಅನ್ನುತ್ತಾರೆ. ಎಡ ಟೆಂಪೊರಲ್?’ ಅಕ್ಷರ ನನ್ನದೇ, ಸಂಶಯವಿಲ್ಲ. ಆದರೆ ಇದನ್ನು ಹೇಳಿದ ಹೆಂಗಸಿನ ದನಿ ನನ್ನ ನೆನಪಿನಲ್ಲಿ ಬೇರೆಯದೇ ಹೇಳುತ್ತದೆ. ‘ಎಡಗೈ ಸಾರ್, ಎಡಗೈ ಹಿಂಗೆ ತಿರುಚ್ಕೊಳ್ಳತ್ತೆ’ ಎಂದು ಆಕೆ ಅಂದದ್ದು ಕಿವಿಯಲ್ಲಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂದು ಇವತ್ತಿಗೂ ಗೊತ್ತಿಲ್ಲ.

ಶಿಕಾರಿಪುರದ ಒಂದು ಸ್ಕ್ಯಾನ್ ಕೇಂದ್ರದಲ್ಲಿ ಎಂಆರ್‌ಐ ಚಿತ್ರಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. ಗುರುವಾರಗಳಲ್ಲಿ ಸೊರಬಕ್ಕೆ ಹೋಗಿ ಬಸುರಿಯರ ಅಲ್ಟ್ರಾಸೌಂಡ್ ಮಾಡುತ್ತೇನೆ. ಫಿಟ್ಸ್ ಕೇಸು ಬಂದರೆ ಸ್ಕ್ಯಾನಿಗೆ ಮೊದಲು ಫಿಟ್ಸ್ ಕಣ್ಣಾರೆ ಕಂಡವರೊಬ್ಬರನ್ನು ಕೂರಿಸಿಕೊಂಡು ಮಾತಾಡುವುದು ನಾನೇ ಹಾಕಿಕೊಂಡ ರೂಢಿ. ರೋಗಿಯನ್ನು ಕೇಳಿ ಪ್ರಯೋಜನವಿಲ್ಲ; ಆ ಹೊತ್ತಿನಲ್ಲಿ ಅವನು ಅಲ್ಲಿರುವುದಿಲ್ಲ. ಕಳಿಸಿದ ವೈದ್ಯರ ಚೀಟಿಯಲ್ಲಿ ‘ಫಿಟ್ಸ್, ಕಾರಣ?’ ಎಂಬ ಎರಡೇ ಪದ ಇರುತ್ತವೆ. ಮೆದುಳಿನ ಯಾವ ಮೂಲೆಯನ್ನು ಹೆಚ್ಚು ಹೊತ್ತು ನೋಡಬೇಕು ಎಂಬುದನ್ನು ಚಿತ್ರಕ್ಕಿಂತ ಮೊದಲು ಮನೆಯವರು ಹೇಳಬಲ್ಲರು.

ರೋಗಿ ಸೊರಬದ ಗುಡಿಗಾರ ಮನೆತನದ ಮರದ ಕೆತ್ತನೆಗಾರ. ಮೂವತ್ನಾಲ್ಕರ ಸಣಕಲು ಆಸಾಮಿ. ಮಾತು ಕಡಿಮೆ. ಆತ ಬಟ್ಟೆ ಬದಲಾಯಿಸುತ್ತಿದ್ದಾಗ ಹೆಂಡತಿ ನನ್ನೆದುರು ಸ್ಟೂಲಿನ ಮೇಲೆ ಕೂತು ಗಂಡನ ಫಿಟ್ಸನ್ನು ಮಾಡಿ ತೋರಿಸಿದರು. ಮೊದಲು ಹೊಟ್ಟೆಯಿಂದ ಏನೋ ಮೇಲೇರಿದಂತೆ ಎದೆ ಸವರಿಕೊಂಡರು. ನಂತರ ಕಣ್ಣು ನೆಟ್ಟು, ಬಲಗೈಯನ್ನು ಮಣಿಕಟ್ಟಿನಲ್ಲಿ ತಿರುಚಿ ಹಿಡಿದು, ಎಡಗೈಯಿಂದ ಮೊಣಕಾಲನ್ನು ಸಣ್ಣಗೆ ಬಡಿಯತೊಡಗಿದರು. ಅಷ್ಟು ಕರಾರುವಾಕ್ಕಾದ ಅಭಿನಯವನ್ನು ನಾನು ಕಂಡಿರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಬರೆದುಕೊಂಡೆ.

ಇಂಥ ಫಿಟ್ಸಿನಲ್ಲಿ ಸೆಟೆಯುವ ಕೈ ಸಾಮಾನ್ಯವಾಗಿ ರೋಗದ ಎದುರು ಬದಿಯದು. ಬಡಿಯುವ, ತಡಕಾಡುವ ಕೈ ರೋಗದ ಬದಿಯದೇ. ಬಲಗೈ ಸೆಟೆದರೆ ಎಡ ಮೆದುಳು. ಹಾಗಾಗಿ ಅವತ್ತು ಎಡ ಟೆಂಪೊರಲ್ ಭಾಗವನ್ನು, ಅಂದರೆ ಮೆದುಳಿನ ಕಿವಿಯ ಪಕ್ಕದ ಭಾಗವನ್ನು, ಪದರ ಪದರವಾಗಿ ನೋಡಿದೆ. ಚೊಕ್ಕವಾಗಿತ್ತು. ಬಲಗಡೆಯ ಹಿಪೊಕ್ಯಾಂಪಸ್, ಅಂದರೆ ಕಿವಿಯ ನೇರಕ್ಕೆ ಮೆದುಳಿನ ಒಳಮಡಿಕೆಯಲ್ಲಿ ಕಿರುಬೆರಳಿನ ಹಾಗೆ ಮಲಗಿರುವ ಭಾಗ, ಕೊಂಚ ಸಣ್ಣದಾಗಿ ಕಂಡಿತ್ತು. ಆದರೆ ಚಿತ್ರದಲ್ಲಿ ತಲೆ ವಾರೆಯಾಗಿತ್ತು. ತಲೆ ವಾರೆಯಾದರೆ ಎರಡು ಬದಿಯಲ್ಲಿ ಬೇರೆ ಬೇರೆ ಜಾಗದ ಪದರ ಬರುತ್ತದೆ, ಒಂದು ಸಣ್ಣದಾಗಿಯೇ ಕಾಣುತ್ತದೆ. ಚಿತ್ರಗಳ ಕೊನೆಯ ಸರಣಿಯಲ್ಲಿ ಆತ ಅಲುಗಾಡಿದ್ದರಿಂದ ಅದು ಮಸುಕಾಗಿತ್ತು. ‘ಗಮನಾರ್ಹ ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಎಂಟು ತಿಂಗಳ ಮೇಲೆ ಒಂದು ಗುರುವಾರ ಸೊರಬದಲ್ಲಿ ಐದು ತಿಂಗಳ ಬಸುರಿಯೊಬ್ಬರು ಅಲ್ಟ್ರಾಸೌಂಡಿಗೆ ಬಂದು ಮಲಗಿದರು. ಕೂಸಿನ ಬೆನ್ನುಮೂಳೆ ಎಣಿಸುತ್ತಿದ್ದೆ. ಅವರೇ ಗುರುತು ಹಿಡಿದರು.

‘ಸಾರ್, ಶಿಕಾರಿಪುರದಾಗೆ ನಮ್ಮನೆಯವ್ರ ತಲೆ ಸ್ಕ್ಯಾನ್ ಮಾಡಿದ್ರಲ್ಲ, ನೀವೇ ಅಲ್ವಾ?’

ಹೌದೆಂದೆ. ಈಗ ಹೇಗಿದ್ದಾರೆ ಎಂದು ಕೇಳಿದೆ. ಶಿವಮೊಗ್ಗದ ನರರೋಗ ತಜ್ಞೆ ಒಂದು ಮಾತ್ರೆಯನ್ನು ಎರಡು ಮಾಡಿದ್ದರು, ಪ್ರಮಾಣ ಏರಿಸಿದ್ದರು. ಫಿಟ್ಸ್ ವಾರಕ್ಕೊಂದು ಬರುವುದು ನಿಂತಿರಲಿಲ್ಲ. ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯಲ್ಲಿ ಎರಡೂ ಕಡೆ ಸ್ವಲ್ಪ ಸ್ವಲ್ಪ ದೋಷ ತೋರಿಸಿತಂತೆ. ಸ್ಕ್ಯಾನ್ ನಾರ್ಮಲ್ ಇದ್ದುದರಿಂದ ಆಪರೇಷನ್ನಿನ ಮಾತು ಎತ್ತುವ ಹಾಗಿಲ್ಲ ಎಂದಿದ್ದರು. ಉಳಿ ಜಾರಿ ಒಮ್ಮೆ ತೊಡೆಗೆ ಇಳಿದ ಮೇಲೆ ಆತ ಉಳಿಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಅಣ್ಣನ ಅಂಗಡಿಯಲ್ಲಿ ಕೆತ್ತನೆಗೆ ಪಾಲಿಶ್ ಹಚ್ಚುತ್ತ ಕೂತಿದ್ದರು. ಇನ್ನು ನಾಲ್ಕು ತಿಂಗಳಿಗೆ ಹುಟ್ಟುವ ಕೂಸನ್ನು ತಾನು ಎತ್ತಿಕೊಳ್ಳುವುದಿಲ್ಲ ಎಂದು ಈಗಲೇ ಹೇಳಿಬಿಟ್ಟಿದ್ದರಂತೆ.

ಇದನ್ನೆಲ್ಲ ಆಕೆ ಚಾವಣಿ ನೋಡುತ್ತ, ದೂರಿನ ದನಿಯೇ ಇಲ್ಲದೆ ಹೇಳಿದರು. ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತ ಒಂದು ಮಾತು ಕೇಳಿದರು.

‘ತಲೇಲಿ ಏನೂ ಇಲ್ಲ ಅಂತ ನೀವೇ ಬರ್ದಿದ್ದು. ಏನೂ ಇಲ್ದೆ ಮನುಷ್ಯ ಹಿಂಗಾಗ್ತಾನಾ ಸಾರ್?’

ಈ ಪ್ರಶ್ನೆಗೆ ಪುಸ್ತಕದ ಉತ್ತರ ಇದೆ. ಎಷ್ಟೋ ಜನರಲ್ಲಿ ಕಾರಣ ಸ್ಕ್ಯಾನಿಗೆ ಕಾಣದು. ಅದನ್ನೇ ಹೇಳಹೊರಟವನು ಫಿಟ್ಸ್ ಇನ್ನೊಮ್ಮೆ ತೋರಿಸಿ ಎಂದೆ. ಆಕೆ ಅದೇ ಕರಾರುವಾಕ್ಕಿನಿಂದ ಬಲಗೈ ತಿರುಚಿದರು, ಎಡಗೈಯಿಂದ ಮಂಚದ ಅಂಚು ಬಡಿದರು. ಆಗಲೇ ಕಿವಿಯಲ್ಲಿ ‘ಎಡಗೈ ಸಾರ್’ ಎಂದು ಕೇಳಿದ್ದು, ಮೊದಲ ಸಲ. ಆ ದಿನ ಹೇಳಿದ್ದು ಈಗ ನೆನಪಾಯಿತೋ ಅಥವಾ ತಪ್ಪಿತಸ್ಥ ಮನಸ್ಸು ಆ ಕ್ಷಣದಲ್ಲೇ ಕಟ್ಟಿಕೊಂಡಿತೋ ಹೇಳಲಾರೆ. ಓದಿನ ದಿನಗಳಿಂದ ನನಗೆ ಬೇರೆಯವರ ನೆನಪಿನ ಮೇಲೆ ನಂಬಿಕೆ ಕಡಿಮೆ. ನನ್ನದರ ಮೇಲೆ ಇನ್ನೂ ಕಡಿಮೆ.

ಅವರು ಕೆಲಸ ಮಾಡುವಾಗ ನೀವು ಎಲ್ಲಿ ಕೂತಿರುತ್ತೀರಿ ಎಂದು ಕೇಳಿದೆ.

‘ಎದುರಿಗೆ. ಅವ್ರು ಕೆತ್ತತಿರ್ತಾರೆ, ನಾನು ಬಾಸಿಂಗಕ್ಕೆ ಬೆಂಡು ಕೊಯ್ತಿರ್ತೀನಿ. ಮದ್ವೆಯಾದಾಗಿಂದ ಹಂಗೇ.’

ಹತ್ತು ವರ್ಷದಿಂದ ಗಂಡನ ಕೈಗಳನ್ನು ಎದುರಿನಿಂದ ನೋಡುತ್ತ ಬಂದವರು. ಗಂಡನ ಎಡ ಇವರ ಬಲದ ನೇರಕ್ಕೆ. ಕನ್ನಡಿಯಲ್ಲಿ ಕಂಡಂತೆ ಕಲಿತದ್ದನ್ನು ಕನ್ನಡಿಯಲ್ಲಿ ಕಂಡಂತೆಯೇ ಮಾಡಿ ತೋರಿಸಿದ್ದರೆ? ಸೆಟೆಯುವುದು ಗಂಡನ ಯಾವ ಕೈ ಎಂದು ನೇರವಾಗಿ ಕೇಳಿದೆ. ಆಕೆ ಬಲಗೈ ಎತ್ತಿದರು, ಅದನ್ನೇ ನೋಡಿದರು, ಇಳಿಸಿದರು, ಎಡಗೈ ಎತ್ತಿದರು. ನಂತರ ನಕ್ಕುಬಿಟ್ಟರು.

‘ನೀವು ಕೇಳಿದ್ಮೇಲೆ ನಂಗೂ ಡೌಟು ಸಾರ್.’

ಕೇಳಿಯೇ ಸಾಕ್ಷಿಯನ್ನು ಕೆಡಿಸಿದ್ದೆ. ಮೊಬೈಲಿನಲ್ಲಿ ವಿಡಿಯೊ ಇದೆಯೇ ಎಂದರೆ ಇಲ್ಲ. ಒಮ್ಮೆ ನಾದಿನಿ ತೆಗೆಯಹೋದಾಗ ಅತ್ತೆ ಮೊಬೈಲನ್ನೇ ಕಿತ್ತುಕೊಂಡಿದ್ದರಂತೆ. ನಾನು ನೋಟ್‌ಬುಕ್ ಮುಚ್ಚುತ್ತಿದ್ದೆ. ಆಕೆ ಚಪ್ಪಲಿ ಮೆಟ್ಟುತ್ತ, ಫಿಟ್ಸ್ ಬಂದಾಗ ಕೆಟ್ಟ ಮರದ ತುಂಡುಗಳೇನೋ ಅಟ್ಟದ ಮೇಲಿವೆ, ಅದರಿಂದ ಏನಾದರೂ ತಿಳಿಯುತ್ತದೆಯೇ ಎಂದು ಕೇಳಿದರು.

ಅವರ ಮನೆಯಲ್ಲಿ ಒಂದು ಕಟ್ಟಳೆ ಇದೆ. ದೇವರ ರೂಪಕ್ಕೆ ಉಳಿ ಇಟ್ಟ ಮರ ನಡುವೆ ಕೆಟ್ಟರೆ ಅದನ್ನು ಮಾರುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಬಟ್ಟೆ ಸುತ್ತಿ ಅಟ್ಟಕ್ಕೆ ಸೇರಿಸುತ್ತಾರೆ. ವರ್ಷಕ್ಕೊಮ್ಮೆ ಹರಿಯುವ ನೀರಿಗೆ ಬಿಡುತ್ತಾರೆ. ಕೆಲಸದ ನಡುವೆ ಫಿಟ್ಸ್ ಬಂದು ಕೆಟ್ಟ ತುಂಡುಗಳೂ ಹಾಗೇ ಮೇಲೆ ಹೋಗಿದ್ದವು. ಬೆಳಗಿನ ಸ್ಕ್ಯಾನ್‌ಗಳನ್ನು ಮುಗಿಸಿ ಮಧ್ಯಾಹ್ನ ಅವರ ಮನೆಗೆ ಹೋದೆ.

ಕೆತ್ತನೆಗಾರ ಏಣಿ ಹತ್ತಿ ಒಂದೊಂದಾಗಿ ಇಳಿಸಿಕೊಟ್ಟರು. ಶಿವನಿ ಮರದ ಐದು ತುಂಡು. ಯಾವುದಕ್ಕೂ ಮುಖ ಪೂರ್ತಿ ಮೂಡಿರಲಿಲ್ಲ. ಮೊದಲನೆಯದನ್ನು ಬೆಳಕಿಗೆ ಹಿಡಿದೆ. ಗೊತ್ತಿಲ್ಲದವನಿಗೂ ಓದಿಸಿಕೊಳ್ಳುವಂತಿತ್ತು. ಒಪ್ಪವಾಗಿ ಸಾಗಿದ ಕೆತ್ತನೆ ಒಂದು ಕಡೆ ಥಟ್ಟನೆ ನಿಂತು, ಅದೇ ಜಾಗದಲ್ಲಿ ಉಳಿ ಒಂದೂವರೆ ಅಂಗುಲ ಆಳಕ್ಕೆ ಇಳಿದಿತ್ತು. ಪಕ್ಕದಲ್ಲಿ ಸುತ್ತಿಗೆ ಗುರಿ ತಪ್ಪಿ ಮರಕ್ಕೆ ಬಿದ್ದ ನಾಲ್ಕೈದು ಜಜ್ಜು. ಎರಡನೆಯದೂ ಹಾಗೇ. ಐದೂ ಹಾಗೇ.

ಉಳಿ ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಕೇಳಿದೆ. ಬಾಯಲ್ಲಿ ಹೇಳಬೇಡಿ, ಹಿಡಿದು ತೋರಿಸಿ ಎಂದೆ. ಆತ ಹೆಂಡತಿಯನ್ನು ನೋಡಿದರು. ಪೆಟ್ಟಿಗೆಯ ಬೀಗ ತೆಗೆಯಲಾಯಿತು. ಎಡಗೈಗೆ ಉಳಿ ಬಂತು, ಬಲಗೈಗೆ ಕೊಡತಿ ಎನ್ನುವ ಮರದ ಸುತ್ತಿಗೆ. ನಾನು ಎದ್ದು ಅವರ ಹಿಂದೆ ಹೋಗಿ, ಅವರು ನೋಡುವ ದಿಕ್ಕಿಗೇ ನಾನೂ ನೋಡುತ್ತ ನಿಂತು ಖಾತ್ರಿಮಾಡಿಕೊಂಡೆ.

‘ಬಲಗೈಲಿ ಉಳಿ ಹಿಡ್ದು ಕೆತ್ತಿದ್ದುಂಟಾ, ಯಾವತ್ತಾದ್ರೂ?’

‘ಬಲಗೈಲಿ ಉಳಿ ಹಿಡಿದ್ರೆ ನಮ್ಮಪ್ಪ ಕೊಡತೀಲೇ ಕೊಡ್ತಿದ್ದ’ ಎಂದರು ಆತ. ಅವರ ಬಾಯಿಂದ ನಾನು ಕೇಳಿದ ಮೊದಲ ಉದ್ದನೆಯ ವಾಕ್ಯ ಅದು.

ಸೆಟೆದದ್ದು ಬಲಗೈ ಆಗಿದ್ದರೆ ಸುತ್ತಿಗೆ ನಿಲ್ಲಬೇಕಿತ್ತು, ಆಳದ ಗುಂಡಿ ಬೀಳಲು ಸಾಧ್ಯವೇ ಇರಲಿಲ್ಲ. ನಿಂತದ್ದು ಉಳಿ, ನಡೆಯುತ್ತಲೇ ಇದ್ದದ್ದು ಸುತ್ತಿಗೆ. ಸೆಟೆದದ್ದು ಎಡಗೈ. ಮೆದುಳಿನ ಬಲ ಬದಿ. ನನ್ನ ನೋಟ್‌ಬುಕ್ಕಿನಲ್ಲೇ ಇನ್ನೊಂದು ಸುಳಿವು ಇತ್ತು: ಫಿಟ್ಸ್ ನಡುವೆ ‘ಹೂಂ, ಬಂದೆ’ ಎಂಬ ಮಾತು. ಬಲಗೈಯವರಲ್ಲಿ ಮಾತಿನ ಕೇಂದ್ರ ಬಹುಪಾಲು ಎಡ ಮೆದುಳಿನಲ್ಲಿರುತ್ತದೆ. ಎಡಗಡೆಯೇ ಕೆಟ್ಟು ಫಿಟ್ಸ್ ಬಂದರೆ ಅಷ್ಟು ಸ್ಪಷ್ಟವಾಗಿ ಉತ್ತರ ಬರುವುದು ಅಪರೂಪ. ಅದನ್ನು ಬರೆದುಕೊಂಡವನೂ ನಾನೇ, ಲೆಕ್ಕಕ್ಕೆ ಹಿಡಿಯದವನೂ ನಾನೇ.

ಐದು ತುಂಡುಗಳ ಫೋಟೊ ತೆಗೆದು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ವಾಪಸಾದೆ. ಹಳೆಯ ಚಿತ್ರಗಳನ್ನು ಪರದೆಗೆ ಕರೆದೆ. ನೆನಪಿನಂತೆಯೇ ತಲೆ ವಾರೆಯಾಗಿತ್ತು, ಅಷ್ಟರಮಟ್ಟಿಗೆ ಸಮಾಧಾನ. ಬಲ ಹಿಪೊಕ್ಯಾಂಪಸ್ ಸಣ್ಣದಿತ್ತು. ಆದರೆ ನೋಡಬೇಕೆಂದು ನೋಡಿದವನಿಗೆ ಎಲ್ಲವೂ ಕಾಣುತ್ತದೆ. ಎಂಟು ತಿಂಗಳ ಹಿಂದೆ ಎಡಗಡೆ ಹುಡುಕಿದವನು ಈಗ ಬಲಗಡೆ ಹುಡುಕುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಶಿವಮೊಗ್ಗದ ತಜ್ಞೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ, ನೋಟ್‌ಬುಕ್ಕಿನ ತಪ್ಪನ್ನೂ ಸೇರಿಸಿ. ಮರ ತೋರಿಸಿದರೆ ಯಾವ ಸರ್ಜನ್ನೂ ತಲೆ ತೆರೆಯುವುದಿಲ್ಲ ಡಾಕ್ಟ್ರೇ, ಸರಿಯಾದ ಸ್ಕ್ಯಾನ್ ಮಾಡಿ ಕಳಿಸಿ ಎಂದರು. ನ್ಯಾಯವಾದ ಮಾತು.

ಸರಿಯಾದ ಸ್ಕ್ಯಾನ್ ಎಂದರೆ ನಾವು ಎಲ್ಲ ತಲೆಗೂ ಮಾಡುವ ಮಾಮೂಲಿ ಸ್ಕ್ಯಾನ್ ಅಲ್ಲ. ಹಿಪೊಕ್ಯಾಂಪಸ್ ಉದ್ದಕ್ಕೆ ಮಲಗಿರುತ್ತದೆ. ಅದಕ್ಕೆ ನೇರ ಅಡ್ಡಡ್ಡವಾಗಿ, ಸೌತೆಕಾಯಿ ಹೆಚ್ಚಿದ ಹಾಗೆ, ತೆಳ್ಳನೆಯ ಪದರ ತೆಗೆಯಬೇಕು. ಓರೆಯಾಗಿ ಹೆಚ್ಚಿದರೆ ಎಳೆಯದೂ ಬಲಿತದ್ದೂ ಒಂದೇ ತರ ಕಾಣುತ್ತದೆ. ಹೋದ ಸಲ ನಮ್ಮ ಪದರಗಳು ದಪ್ಪಗಿದ್ದವು, ಕೋನ ಹಿಪೊಕ್ಯಾಂಪಸ್ಸಿನದಲ್ಲ, ರೋಗಿ ಮಲಗುವ ಮೇಜಿನ ಲೆಕ್ಕಕ್ಕಿತ್ತು. ನಮ್ಮ ತಂತ್ರಜ್ಞೆ, ಅಂಜನಾಪುರದವರು, ಹನ್ನೆರಡು ವರ್ಷದ ಅನುಭವಸ್ಥೆ, ಈ ಸಲ ಬೇಕಾದ ಚಿತ್ರಗಳ ನನ್ನ ಪಟ್ಟಿ ಓದಿ ಹುಬ್ಬೇರಿಸಿದರು.

‘ಇದಕ್ಕೆ ಮುಕ್ಕಾಲು ತಾಸು ಬೇಕಲ್ರಿ ಸರ್. ಹೋದ ಸಲ ಇಪ್ಪತ್ತು ನಿಮಿಷಕ್ಕ ಅಳ್ಳಾಡಿದ ಮನುಷ್ಯ ಇವ್ರು.’

ಹೇಳಿದಂತೆಯೇ ಆಯಿತು. ಮೊದಲ ದಿನ ಆತನಿಗೆ ಕೆಮ್ಮು. ಮುಖ್ಯ ಸರಣಿ ಶುರುವಾದೊಡನೆ ಕೆಮ್ಮಿ ತಲೆ ಕದಲಿಸಿದರು. ಮೂರು ಸಲ ಹಾಗಾಯಿತು, ಮೂರು ಸಲವೂ ಚಿತ್ರ ನೀರಿನಲ್ಲಿ ಕಲಕಿದಂತೆ ಬಂತು. ಅರೆಬರೆ ಚಿತ್ರದಲ್ಲೇ ಬಲಗಡೆ ಏನೋ ಬೆಳ್ಳಗೆ ಕಂಡಂತಾಯಿತು, ಇಷ್ಟು ಸಾಕು ಎಂದು ಬರೆದುಬಿಡುವ ಆಸೆಯೂ ಆಯಿತು. ಒಮ್ಮೆ ಅರೆಬರೆ ನೋಡಿ ಸಹಿ ಹಾಕಿದ್ದವನಿಗೆ ಎರಡನೆಯ ಸಲ ಆ ಅವಕಾಶ ಇರಲಿಲ್ಲ. ಕೆಮ್ಮು ವಾಸಿ ಮಾಡಿಕೊಂಡು ಬನ್ನಿ ಎಂದು ಕಳಿಸಿದೆ. ಸೊರಬದಿಂದ ಬಸ್ಸಿನಲ್ಲಿ ಬಂದ ಬಸುರಿ ಹೆಂಗಸು ಚೀಲ ಎತ್ತಿಕೊಂಡು ವಾಪಸ್ ಬಸ್ಸಿನ ಹೊತ್ತು ವಿಚಾರಿಸಿದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಹತ್ತು ದಿನ ಬಿಟ್ಟು ಬಂದಾಗ ತಂತ್ರಜ್ಞೆ ತಯಾರಾಗಿದ್ದರು. ಆತನ ಕಿವಿಗಳ ಎರಡೂ ಪಕ್ಕ ಸ್ಪಂಜು ತುರುಕಿ, ಮೂಗಿನ ತುದಿ ಮತ್ತು ಗದ್ದ ಒಂದೇ ಗೆರೆಗೆ ಬರುವವರೆಗೆ ತಿದ್ದಿದರು. ಇದು ಟಕ್ ಟಕ್ ಅಂತ ಬಡಿಯುತ್ತದೆ, ನಿಮ್ಮ ಕೊಡತಿ ಸದ್ದು ಅಂದ್ಕೊಂಡು ಏಟು ಎಣಿಸ್ತಾ ಮಲಗ್ರಿ ಎಂದರು. ಆತ ಮುಕ್ಕಾಲು ಗಂಟೆ ಕಲ್ಲಿನಂತೆ ಮಲಗಿದ್ದರು. ಹೊರಗೆ ಬಂದು, ನಡುವೆ ಲೆಕ್ಕ ತಪ್ಪಿತು, ಕೆಲಸಗಾರ ಒಳ್ಳೆಯವನಲ್ಲ, ತಾಳವೇ ಇಲ್ಲ ಎಂದು ಯಂತ್ರದ ಬಗ್ಗೆ ದೂರು ಹೇಳಿದರು.

ಚಿತ್ರ ಬಂದಾಗ ನಾನು ಪರದೆಯ ಮುಂದಿನಿಂದ ಎದ್ದು ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದೆ. ಎಡದ ಹಿಪೊಕ್ಯಾಂಪಸ್ ದುಂಡಗೆ, ಒಳಗೆರೆಗಳೆಲ್ಲ ಎದ್ದು ಕಾಣುವಂತೆ ಇತ್ತು. ಬಲದ್ದು ಸುಕ್ಕಿ, ಒಳಗೆರೆ ಅಳಿಸಿ, ಇರಬೇಕಾದ್ದಕ್ಕಿಂತ ಬೆಳ್ಳಗೆ ಹೊಳೆಯುತ್ತಿತ್ತು. ತಲೆ ಈ ಸಲ ಗೆರೆ ಎಳೆದಷ್ಟು ನೆಟ್ಟಗಿತ್ತು. ಆದರೂ ನನ್ನ ಕಣ್ಣನ್ನು ನಂಬಲಿಲ್ಲ. ಬದಿಯನ್ನಾಗಲಿ, ಮರದ ಕಥೆಯನ್ನಾಗಲಿ ಹೇಳದೆ ‘ಫಿಟ್ಸ್, ನೋಡಿ ಹೇಳು’ ಎಂದಷ್ಟೇ ಬರೆದು ನನ್ನ ಜೊತೆ ಓದಿದ ಗೆಳೆಯನೊಬ್ಬನಿಗೆ ಚಿತ್ರ ಕಳಿಸಿದೆ. ಅವನೂ ಇದೇ ಕೆಲಸದವನು. ಊಟ ಮುಗಿಯುವುದರೊಳಗೆ ಉತ್ತರ ಬಂತು. ‘ಬಲ ಹಿಪೊಕ್ಯಾಂಪಸ್ ಸತ್ತೋಗಿದೆ. ಇದರಲ್ಲಿ ಕೇಳೋದೇನಿದೆಯೋ? ಕನ್ನಡಕ ಬದಲಾಯಿಸು.’

ವರದಿ ಬರೆಯಲು ಕೂತೆ. ‘ಈಗ ಬಲಗಡೆ ಬದಲಾವಣೆ ಕಾಣಿಸಿಕೊಂಡಿದೆ’ ಎಂದು ಟೈಪ್ ಮಾಡಿದೆ. ತಪ್ಪೇನೂ ಇಲ್ಲದ ವಾಕ್ಯ. ಓದಿದವರು ಎಂಟು ತಿಂಗಳಲ್ಲಿ ಹೊಸದಾಗಿ ಆಯಿತೆಂದುಕೊಳ್ಳುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಇದು ಹೊಸದಾಗಿ ಆದದ್ದೋ, ಹಳೆಯ ಗಾಯವೋ ಎಂಬುದು ಸರ್ಜನ್ನಿಗೆ ಬೇಕಾದ ವಿಷಯ. ಹೊಸದಾದರೆ ಬೇರೆ ರೋಗ ಹುಡುಕುತ್ತ ಇನ್ನಷ್ಟು ತಿಂಗಳು ಕಳೆಯುತ್ತಾರೆ. ಮಗುವಾಗಿದ್ದಾಗ ಜ್ವರದಲ್ಲಿ ಅರ್ಧ ಗಂಟೆ ಫಿಟ್ಸ್ ಬಂದಿತ್ತೆಂದು ಆತನ ತಾಯಿ ತಜ್ಞೆಗೆ ಹೇಳಿದ್ದು ಕಡತದಲ್ಲಿತ್ತು. ಹಳೆಯ ಗಾಯಕ್ಕೆ ಅದು ಹೊಂದುತ್ತಿತ್ತು. ವಾಕ್ಯ ಅಳಿಸಿ ಹೀಗೆ ಬರೆದೆ: ‘ಹಿಂದಿನ ಸ್ಕ್ಯಾನನ್ನು ಮರುಪರಿಶೀಲಿಸಲಾಗಿದೆ. ಈ ಬದಲಾವಣೆ ಆಗಲೂ ಇತ್ತು. ಹಿಂದಿನ ವರದಿಯಲ್ಲಿ ಅದನ್ನು ಗುರುತಿಸಿಲ್ಲ.’ ಕೆಳಗೆ ನನ್ನ ಸಹಿ, ಹಿಂದಿನದರ ಕೆಳಗಿದ್ದದ್ದೇ.

ದಂಪತಿಯನ್ನು ಕೂರಿಸಿ ಪರದೆ ತೋರಿಸಿದೆ. ಮೊದಲೇ ಇತ್ತಾ ಎಂದು ಆಕೆ ಕೇಳಿದರು. ಇತ್ತು, ನಾನು ನೋಡಲಿಲ್ಲ ಎಂದೆ. ಆತ ಬಹಳ ಹೊತ್ತು ಆ ಬೆಳ್ಳನೆಯ ಚುಕ್ಕೆಯನ್ನು ನೋಡಿದರು.

‘ನಮ್ಮಲ್ಲಿ ಕೆಟ್ಟಿದ್ದನ್ನ ಅಟ್ಟದ ಮೇಲೆ ಇಡ್ತೀವಿ. ನೀವೂ ಇಟ್ಟಿದ್ರಲ್ಲ, ಹಳೇ ಫೋಟೋನ. ಅಷ್ಟು ಸಾಕು ಸಾರ್’ ಎಂದರು.

ಆಮೇಲಿನದು ನನ್ನ ಕೈಯಲ್ಲಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಆತನನ್ನು ನಾಲ್ಕು ದಿನ ಕ್ಯಾಮೆರಾ ಎದುರು ಮಲಗಿಸಿ ಇಇಜಿ ತೆಗೆದರು. ಮೂರು ಫಿಟ್ಸ್ ಸಿಕ್ಕವು, ಮೂರೂ ಮೆದುಳಿನ ಬಲ ಬದಿಯಿಂದಲೇ. ಮೂರರಲ್ಲೂ ಎಡಗೈ ಸೆಟೆದಿತ್ತು. ನೆನಪಿನ ಪರೀಕ್ಷೆ, ಮಾತಿನ ಪರೀಕ್ಷೆ ಮಾಡಿದರು. ಆ ಭಾಗ ತೆಗೆದರೆ ಕೈ ಕೆಲಸ ಮರೆತುಹೋಗುತ್ತದೆಯೇ ಎಂಬುದೊಂದೇ ಆತನ ಪ್ರಶ್ನೆಯಾಗಿತ್ತಂತೆ. ಮರೆಯುವುದಿಲ್ಲ, ಆ ನೆನಪು ಮೆದುಳಿನಲ್ಲಿ ಬೇರೆ ಕಡೆ ಇರುತ್ತದೆ ಎಂದರಂತೆ. ಕೂಸು ಹುಟ್ಟುವುದಕ್ಕೆ ಮೂರು ವಾರ ಮೊದಲು ಆಪರೇಷನ್ ಆಯಿತು. ಈ ಸುದ್ದಿಗಳೆಲ್ಲ ನನಗೆ ತಜ್ಞೆಯ ಫೋನಿನಿಂದ ತುಂಡು ತುಂಡಾಗಿ ಬಂದವು. ಪ್ರತಿ ಸಲ ಫೋನ್ ಇಟ್ಟ ಮೇಲೆ, ಕೇಳಿದ್ದು ಸರಿಯೇ ಎಂದು ಸಂಶಯ ಬಂದು ಮೆಸೇಜಿನಲ್ಲಿ ಇನ್ನೊಮ್ಮೆ ಕೇಳುತ್ತಿದ್ದೆ. ‘ಹೌದು, ಬಲಗಡೆಯೇ ತೆಗೆದದ್ದು’ ಎಂದು ಆಕೆ ಒಮ್ಮೆ ಕೇಳದೆಯೇ ಬರೆದರು.

ಹೋದ ಗುರುವಾರ ಸೊರಬದ ಕೆಲಸ ಬೇಗ ಮುಗಿಯಿತು. ಅವರ ಮನೆ ಕಡೆ ಹೋದೆ. ಆಪರೇಷನ್ ಆಗಿ ಏಳು ತಿಂಗಳು. ಒಂದೂ ಫಿಟ್ಸ್ ಇಲ್ಲ. ಮಾತ್ರೆ ಇನ್ನೂ ಇದೆ, ಬೈಕ್ ಓಡಿಸುವಂತಿಲ್ಲ, ಎರಡು ವರ್ಷ ಕಾಯಬೇಕು. ಹೆಂಡತಿ ಬೆಂಡು ಕೊಯ್ಯುತ್ತಿದ್ದರು. ಈಗ ಗಂಡನ ಎದುರಿಗಲ್ಲ, ಪಕ್ಕದಲ್ಲಿ ಕೂತಿದ್ದರು. ಬೇಕೆಂದೇ ಹಾಗೆ ಕೂತದ್ದೇ ಎಂದು ಕೇಳಿದೆ. ಕಿಟಕಿಯ ಬೆಳಕು ಈ ಕಡೆ ಚೆನ್ನಾಗಿದೆ ಎಂದರು.

ಅವತ್ತು ಸ್ಟೂಲಿನ ಮೇಲೆ ಕೂತು ನೀವು ‘ಎಡಗೈ’ ಎಂದು ಬಾಯಿಬಿಟ್ಟು ಹೇಳಿದ್ದಿರಾ ಎಂದು ಕೊನೆಗೂ ಕೇಳಿದೆ. ಆಕೆ ಕತ್ತಿ ಕೆಳಗಿಟ್ಟು ಯೋಚಿಸಿದರು. ‘ಹೇಳಿರ್ಬೋದು. ಹೇಳದೇನೂ ಇರ್ಬೋದು. ಈಗ ಅದ್ಯಾಕೆ ಬಿಡಿ ಸಾರ್, ಟೀ ಕುಡೀರಿ.’ ಆ ಐದು ತುಂಡುಗಳನ್ನು ಇನ್ನೊಮ್ಮೆ ನೋಡಬಹುದೇ ಎಂದೆ. ಅವನ್ನು ನೀರಿಗೆ ಬಿಟ್ಟು ತಿಂಗಳಾಗಿತ್ತು.

ಅಷ್ಟರಲ್ಲಿ ಒಳಗೆ ಕೂಸು ಎದ್ದಿತು. ಕೆತ್ತನೆಗಾರ ಕೊಡತಿ ಇಟ್ಟು, ಉಳಿ ಇಟ್ಟು, ಒಳಗೆ ಹೋಗಿ ಎತ್ತಿಕೊಂಡು ಬಂದರು. ಹೆಣ್ಣು ಕೂಸು. ಅಪ್ಪನ ತಲೆಯ ಮೇಲಿನ ಗಾಯದ ಗೆರೆಯನ್ನು ಕೈಚಾಚಿ ಹಿಡಿಯಲು ನೋಡುತ್ತಿತ್ತು. ಆತ ತಪ್ಪಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ನನಗೆ ಟೀ ಲೋಟ ಕೊಟ್ಟರು.

ರಸ್ತೆಗೆ ಬಂದು ಕಾರಿನಲ್ಲಿ ಕೂತೆ. ಶುರು ಮಾಡುವ ಮೊದಲು ನೋಟ್‌ಬುಕ್ ತೆಗೆದು, ಇನ್ನೂ ಕಣ್ಣ ಮುಂದಿದ್ದಾಗಲೇ ಬರೆದೆ: ‘ಕೂಸು ಎಡಗೈಯಲ್ಲಿ.’ ಸ್ವಲ್ಪ ಯೋಚಿಸಿ, ಮುಂದೆ ಇನ್ನೆರಡು ಪದ ಸೇರಿಸಿದೆ: ‘ಅವರ ಎಡಗೈ.’